ಧೂಳೆಬ್ಬಿಸುವ ಯಂತ್ರ

ಟಕ್ಕೆಂದು ಯಂತ್ರದ ಕೆತ್ತುವ ಬಿಟ್ ಮುರಿದಾಗ ಪ್ರಿನ್ಸಿಪಾಲರು ನಕ್ಕೇಬಿಟ್ಟರು.

ಜೋರು ನಗುವೇನಲ್ಲ, ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿದದ್ದು. ಆದರೂ ಲ್ಯಾಬಿನಲ್ಲಿದ್ದವರಿಗೆಲ್ಲ ಕೇಳಿಸಿತು. ಮೇಜಿನ ಮೇಲಿದ್ದ ಬೂದು ಯಂತ್ರ ಮಾತ್ರ ಮುರಿದ ಮೋಟು ತುದಿಯನ್ನೇ ತಾಮ್ರದ ಹಲಗೆಯ ಮೇಲೆ ಆಡಿಸುತ್ತ, ತನಗೇನೂ ಆಗಿಲ್ಲವೆಂಬಂತೆ ಅತ್ತಿಂದಿತ್ತ ಓಡಾಡುತ್ತಲೇ ಇತ್ತು. ಕೊನೆಗೆ ಲ್ಯಾಬಿನ ಮೇಡಂ ಕೈ ಚಾಚಿ ಕೆಂಪು ಗುಂಡಿ ಒತ್ತಿದರು. ಗರ್ರೆನ್ನುವ ಸದ್ದು ನಿಂತಿತು.

"ಶುರುವಾಗೋಕ್ಕೆ ಮುಂಚೆನೇ ಮುಗೀತಲ್ಲ ಮೇಡಂ ನಿಮ್ಮ ಯಂತ್ರದ ಕಥೆ!" ಎಂದರು ಪ್ರಿನ್ಸಿಪಾಲರು.

"ಬಿಟ್ ಮುರಿದಿದೆ ಸರ್, ಯಂತ್ರ ಅಲ್ಲ," ಎಂದರು ಮೇಡಂ.

ಆ ವರ್ಷ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಸರ್ಕ್ಯೂಟ್ ಬೋರ್ಡು ತಯಾರಿಸುವ ಯಂತ್ರವೊಂದು ಮಂಜೂರಾಗಿತ್ತು. ಅಲ್ಲಿಯ ತನಕ ವಿದ್ಯಾರ್ಥಿಗಳು ತಾಮ್ರ ಹೊದೆಸಿದ ಹಲಗೆಯ ಮೇಲೆ ಗೆರೆ ಎಳೆದು, ಪ್ಲಾಸ್ಟಿಕ್ ಟ್ರೇಯಲ್ಲಿನ ಕಂದು ದ್ರಾವಣಕ್ಕೆ ಅದ್ದಿ, ಬೇಡದ ತಾಮ್ರ ಕರಗಿಹೋಗುವುದನ್ನು ಕಾಯುತ್ತ ಕೂರುತ್ತಿದ್ದರು. ಆ ದ್ರಾವಣ ಬಿದ್ದ ಕಡೆ ಬಟ್ಟೆ ತೂತಾಗುತ್ತಿತ್ತು. ಸಿಂಕಿನ ಕಲೆಯನ್ನು ಯಾವ ಸೋಪೂ ತೆಗೆದಿರಲಿಲ್ಲ. ಈಗ ಆಯ್ಕೆಗೆಂದು ಎರಡು ಯಂತ್ರಗಳು ಬಂದು ಅಕ್ಕಪಕ್ಕ ಕೂತಿದ್ದವು. ಯಾವುದನ್ನು ಕೊಳ್ಳಬೇಕಾದರೂ ಲ್ಯಾಬಿನ ಜವಾಬ್ದಾರಿ ಹೊತ್ತ ಮೇಡಂ ಸಹಿ ಬೇಕಿತ್ತು. ಬೂದು ಬಣ್ಣದ್ದು ಕಬ್ಬಿಣದ ಬಡಕಲು ಚೌಕಟ್ಟು. ಸೂಜಿಯಂಥ ಬಿಟ್ ತಿರುಗಿಸಿ ತಾಮ್ರವನ್ನು ಕೆತ್ತಿ ತೆಗೆಯುವಂಥದ್ದು. ಅದರ ಜೊತೆ ಯಾರೂ ಬಂದಿರಲಿಲ್ಲ, ಮರದ ಪೆಟ್ಟಿಗೆಯಲ್ಲಿ ಬಂದದ್ದನ್ನು ವಿದ್ಯಾರ್ಥಿಗಳೇ ಜೋಡಿಸಿದ್ದರು. ಇನ್ನೊಂದು ಬಿಳಿಯದು, ಗಾಜಿನ ಮುಚ್ಚಳದ್ದು. ಅದು ಕೆತ್ತುವುದಿಲ್ಲ, ಬೆಳ್ಳಿ ಬೆರೆಸಿದ ಶಾಯಿಯಿಂದ ಬೋರ್ಡನ್ನು ಮುದ್ರಿಸುತ್ತದೆ. ಅದರ ಜೊತೆ ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಕಂಪನಿಯ ಬಿಲ್ಲೆ ತೊಟ್ಟ ಯುವಕನೊಬ್ಬ ಬಂದಿದ್ದ.

ಅವನು ಇದೇ ಲ್ಯಾಬಿನಲ್ಲಿ ಓದಿದವನು. ಸೇರಿದ ವಾರದಲ್ಲೇ ಇಡೀ ಕಟ್ಟಡದ ಕರೆಂಟು ತೆಗೆದಿದ್ದರಿಂದ ಅವನಿಗೆ ಫ್ಯೂಸು ಎಂದು ಹೆಸರಾಗಿತ್ತು. ಮೇಡಂಗೂ ಆ ಕಾಲದಿಂದಲೇ ಒಂದು ಹೆಸರಿತ್ತು: ಇನ್ನೊಂದ್ಸಲ ಮೇಡಂ. ಬೋರ್ಡು ಕೆಟ್ಟರೆ ಬೈಯುತ್ತಿರಲಿಲ್ಲ, ಸಮಾಧಾನ ಹೇಳುತ್ತಲೂ ಇರಲಿಲ್ಲ. "ಇನ್ನೊಂದ್ಸಲ" ಎಂದಷ್ಟೇ ಹೇಳಿ ಮುಂದಿನ ಮೇಜಿಗೆ ಹೋಗುತ್ತಿದ್ದರು. ಫ್ಯೂಸು ತನ್ನ ಮೊದಲ ಬೋರ್ಡನ್ನು ಅದೆಷ್ಟು ಸಲ ಬಿಚ್ಚಿ ಬೆಸೆದನೋ, ಕೊನೆಗೆ ಅದರ ಪುಟ್ಟ ದೀಪ ಹತ್ತಿದಾಗ ಮೇಜಿನ ಕೆಳಗೆ ಕೂತು ಅತ್ತಿದ್ದ. ಸ್ಕ್ರೂ ಹುಡುಕುತ್ತಿದ್ದೇನೆ ಎಂದಿದ್ದ.

"ನೋಡಿ ಸರ್," ಎಂದು ಫ್ಯೂಸು ಬಿಳಿ ಯಂತ್ರದ ಗುಂಡಿ ಮುಟ್ಟಿದ. ಒಳಗೆ ನೀಲಿ ದೀಪ ಹತ್ತಿತು. ಸದ್ದೇ ಇಲ್ಲದೆ ಒಂದು ಪುಟ್ಟ ಮೂತಿ ಸರಿಯುತ್ತ ಹೋಯಿತು, ಅದರ ಹಿಂದೆ ಬೆಳ್ಳಿಗೆರೆಗಳು ಮೂಡುತ್ತ ಬಂದವು. ಪ್ರಿನ್ಸಿಪಾಲರು ಬಗ್ಗಿದರು. ಗಾಜಿನಲ್ಲಿ ಅವರ ಮುಖ ನೀಲಿಯಾಗಿ ಕಂಡಿತು.

"ಸರ್, ಮುಚ್ಚಳ ತೆಗೆದು ನೋಡ್ಬಹುದಾ?" ಎಂದು ಹಿಂದಿನಿಂದ ಒಬ್ಬ ಹುಡುಗಿ ಕೇಳಿದಳು.

"ಓಡ್ತಿರೋವಾಗ ಅದು ತೆಗೆಯೋಕ್ಕೇ ಬರಲ್ಲಮ್ಮ. ನಿಂತ ಮೇಲೂ ನೀವು ಕೈ ಹಾಕ್ಬೇಡಿ. ಏನೇ ಆದ್ರೂ ಒಂದು ಫೋನ್ ಮಾಡಿ, ನಾವೇ ಬಂದು ನೋಡ್ತೀವಿ."

"ಅದೇ ನಮಗೆ ಬೇಕಾಗಿರೋದು," ಎಂದರು ಪ್ರಿನ್ಸಿಪಾಲರು. "ಇವರ ಕೈಗೆ ಕೊಟ್ರೆ ಎರಡೇ ದಿನಕ್ಕೆ ಮೂಲೆಗೆ."

ಅಷ್ಟರಲ್ಲಿ ಮೇಡಂ ಕಣ್ಸನ್ನೆ ಮಾಡಿದ್ದರಿಂದ ಅದೇ ಹುಡುಗಿ ಬೂದು ಯಂತ್ರದ ಮುಂದೆ ನಿಂತು, ಮುರಿದ ಬಿಟ್ ಬಿಚ್ಚಿ, ಇನ್ನೊಂದನ್ನು ಹಾಕಿ ಬಿಗಿದಿದ್ದಳು. ಯಂತ್ರ ಮತ್ತೆ ಗರ್ರೆಂದಿತು. ಸಣ್ಣ ಧೂಳು ಎದ್ದಿತು. ಪ್ರಿನ್ಸಿಪಾಲರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಬೋರ್ಡು ಸಿದ್ಧವಾದಾಗ ಅದರ ಒಂದು ಗೆರೆ ಎದ್ದು ಕಾಣುವಷ್ಟು ಸೊಟ್ಟಗಿತ್ತು. ಬಿಳಿ ಯಂತ್ರದ ಬೋರ್ಡಿನಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮೇಡಂ ಬಿಳಿ ಯಂತ್ರದ ಬೋರ್ಡನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಚೆನ್ನಾಗಿದೆ," ಎಂದರು. ಆಮೇಲೆ ಫ್ಯೂಸುವಿನ ಕಡೆ ತಿರುಗಿ ಕೇಳಿದರು: "ಇದರ ಮೇಲೆ ಒಂದು ಪಾರ್ಟ್ ತಪ್ಪಾಗಿ ಬೆಸೆದ್ರೆ, ಬಿಚ್ಚಿ ಮತ್ತೆ ಬೆಸೀಬಹುದಾ?"

"ಬೆಸೀಬಹುದು ಮೇಡಂ."

"ಎಷ್ಟು ಸಲ ಬೇಕಾದ್ರೂ?"

ಫ್ಯೂಸು ಮೇಜನ್ನು ನೋಡಿದ. "ಹೂಂ... ಬೆಸೀಬಹುದು."

ಅವನು ಸುಳ್ಳು ಹೇಳುವಾಗ ಮೇಜು ನೋಡುವುದು ಮೇಡಂಗೆ ಹೊಸತಲ್ಲ. ಈ ಶಾಯಿಯ ವಿಷಯ ಅವರೂ ಓದಿಕೊಂಡಿದ್ದರು. ಬೆಸುಗೆಯ ಕಾದ ಮೊನೆ ಎರಡು ಸಲ ತಾಗಿದರೆ ಗೆರೆ ಹಲಗೆಯನ್ನು ಬಿಟ್ಟು ಮೇಲೇಳುತ್ತದೆ. ಬೆಸುಗೆಯ ಐರನ್ ಪಕ್ಕದ ಸ್ಟ್ಯಾಂಡಿನಲ್ಲಿ ಕಾದು ಕೂತಿತ್ತು. ಮೇಡಂ ಅದನ್ನು ಎತ್ತಿಕೊಂಡರು. ಎಲ್ಲರ ಕಣ್ಣೂ ಅವರ ಕೈ ಮೇಲೆ ಬಿತ್ತು.

ಮೇಡಂ ಮೊನೆಯನ್ನು ಒದ್ದೆ ಸ್ಪಂಜಿಗೆ ಒರೆಸಿದರು. ಚುಂಯ್ ಎಂದಿತು. ಐರನ್ನನ್ನು ಮತ್ತೆ ಸ್ಟ್ಯಾಂಡಿನಲ್ಲಿಟ್ಟರು.

"ಸರ್, ನನಗೆ ಬಿಳೀದು ಬೇಡ. ಬೂದುದೇ ಇರಲಿ."

"ಏನಂದ್ರಿ?"

"ಬಿಳೀದು ಬೇಡ ಅಂದೆ."

"ರೀ ಮೇಡಂ, ಕೆಟ್ಟು ನಿಂತಿದ್ದು ಅದು, ಓಡಿದ್ದು ಇದು. ನಿಮ್ಮ ಕಣ್ಣೆದುರಿಗೇ ಅಲ್ವೇನ್ರೀ ಆಗಿದ್ದು?"

"ಹೌದು ಸರ್. ಅದು ಎಲ್ಲಿ ಕೆಟ್ಟಿತು ಅಂತ ಎಲ್ಲರಿಗೂ ಕಾಣ್ತು. ಒಬ್ಬಳು ಸರಿನೂ ಮಾಡಿದ್ಲು. ಈ ಪೆಟ್ಟಿಗೇಲಿ ಮಕ್ಕಳು ಕೈ ಹಾಕೋಕ್ಕೆ ಜಾಗವೇ ಇಲ್ಲ. ಯಾಕೆ ಬೇಡ ಅಂತ ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ."

ಪ್ರಿನ್ಸಿಪಾಲರು ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು, "ನಾಳೆ ಚೇಂಬರಿಗೆ ಬನ್ನಿ," ಎಂದು ಹೊರಟುಹೋದರು.

ಲ್ಯಾಬು ಖಾಲಿಯಾದ ಮೇಲೂ ಫ್ಯೂಸು ಹೋಗಲಿಲ್ಲ. ಬಿಳಿ ಯಂತ್ರದ ತಂತಿಯನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತ.

"ಯಾಕೆ ಮುಟ್ಟಿಸಲಿಲ್ಲ ಮೇಡಂ, ಐರನ್ನು?"

"ಎಲ್ಲರ ಎದುರಿಗೆ ನಿನ್ನ ಮುಖ ಸುಡೋಕ್ಕೆ ಐರನ್ ಇಟ್ಕೊಂಡಿಲ್ಲ ಕಣೋ ನಾನು."

ಅವನು ತಂತಿ ಕೆಳಗಿಟ್ಟ. "ಹಾಗಾದ್ರೆ ಇದಕ್ಕೇ ಸಹಿ ಹಾಕಿಬಿಡಿ. ಇದೊಂದು ಆರ್ಡರ್ ತಪ್ಪಿದ್ರೆ ನನ್ನನ್ನ ಊರೂರು ಸುತ್ತೋ ಕೆಲಸಕ್ಕೆ ಹಾಕ್ತಾರೆ. ಮನೇಲಿ ಮಗು ಈಗಷ್ಟೇ ಕತ್ತು ನಿಲ್ಲಿಸ್ತಿದೆ. ಅದರ ಮುಖ ನೋಡೋಕ್ಕೂ ಆಗಲ್ಲ."

ಮೇಡಂಗೆ ಮಗು ಗಂಡೋ ಹೆಣ್ಣೋ ಎಂದು ಕೇಳಬೇಕೆನಿಸಿತು. ಕೇಳಿದರೆ ತಾನು ಕರಗಿಹೋಗಬಹುದೆಂದು ಕೇಳಲಿಲ್ಲ.

"ಆಗಲ್ಲ ಕಣೋ."

"ನನಗೋಸ್ಕರ ಕೂಡ?"

"ನಿನಗೋಸ್ಕರನೇ ಆಗಲ್ಲ. ನಿನ್ನ ಮೊದಲನೇ ಬೋರ್ಡನ್ನ ಈ ಪೆಟ್ಟಿಗೇಲಿ ಮಾಡಿದ್ದಿದ್ರೆ ನೀನು ಎರಡನೇ ಸಲಕ್ಕೇ ಕಾಲೇಜು ಬಿಡ್ತಿದ್ದೆ."

ಫ್ಯೂಸುವಿನ ಮುಖ ಬಿಗಿಯಿತು. "ನೀವು ಸ್ವಲ್ಪನೂ ಬದಲಾಗಿಲ್ಲ ಮೇಡಂ," ಎಂದ. ಅದು ಹೊಗಳಿಕೆಯಾಗಿರಲಿಲ್ಲ. ಯಂತ್ರವನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದ.

ಮನೆಯಲ್ಲಿ ಮೇಡಂ ಚಪ್ಪಲಿ ಬಿಡುವ ರೀತಿಯಲ್ಲೇ ಅತ್ತೆಗೆ ಗೊತ್ತಾಗಿಬಿಟ್ಟಿತು. ಅವರು ಬಟಾಣಿ ಸುಲಿಯುತ್ತ ಕೂತಿದ್ದರು.

"ಯಾರ ಜೊತೆಗೆ ಜಗಳ ಆಡ್ಕೊಂಡು ಬಂದೆ?"

"ಜಗಳ ಏನಿಲ್ಲ ಅತ್ತೆ. ಒಂದು ಮಿಷನ್ ವಿಷಯ."

"ಬಟ್ಟೆ ಒಗೆಯೋದಾ?"

"ಅಲ್ಲ ಅತ್ತೆ, ಬೋರ್ಡು ಮಾಡೋದು. ಪ್ರಿನ್ಸಿಪಾಲರಿಗೆ ಒಂದು ಇಷ್ಟ, ನನಗೆ ಒಂದು."

ಗಂಡ ಒಳಗಿನಿಂದಲೇ ಕೂಗಿದರು. ಅವರು ಯಾರ ಮನಸ್ಸನ್ನೂ ನೋಯಿಸದೆ ನೌಕರಿ ಮುಗಿಸಿ ನಿವೃತ್ತರಾಗಬೇಕೆಂದಿದ್ದ ಮನುಷ್ಯ. "ಒಂದು ಸಹಿ ತಾನೇ? ಹಾಕಿ ಕೈ ತೊಳ್ಕೊಬಾರ್ದಾ? ಯಾವುದಾದ್ರೇನು, ಎರಡೂ ಬೋರ್ಡು ಮಾಡ್ತವೆ."

ಮೇಡಂ ಅತ್ತೆಯ ಪಕ್ಕ ಕೂತು ಬಟಾಣಿಗೆ ಕೈ ಹಾಕಿದರು. ಅವರಿಗೆ ತಾವು ಓದಿದ ಲ್ಯಾಬು ಕಣ್ಮುಂದೆ ಬಂತು. ಅಲ್ಲಿ ಹುಡುಗಿಯರಿಗೆಂದು ಗೋಡೆಯ ಪಕ್ಕ ಒಂದು ಬೆಂಚು. ಹುಡುಗರು ಟ್ರೇಯ ಸುತ್ತ, ಹುಡುಗಿಯರು ಬೆಂಚಿನ ಮೇಲೆ. "ಅದು ಮೈಮೇಲೆ ಬಿದ್ರೆ ಕಲೆ ಹೋಗಲ್ಲಮ್ಮ, ಅಲ್ಲಿಂದಲೇ ನೋಡಿ ಕಲೀರಿ," ಎನ್ನುತ್ತಿದ್ದರು ಮೇಷ್ಟ್ರು. ಪಾಪ, ಒಳ್ಳೆಯವರೇ. ನೋಡೀ ನೋಡೀ ಇವರು ಪಾಸಾದರು, ಮೊದಲ ದರ್ಜೆಯಲ್ಲೇ ಪಾಸಾದರು. ಕೆಲಸಕ್ಕೆ ಸೇರಿದ ದಿನ ಯಾರೋ ಐರನ್ ಕೊಟ್ಟು "ಇದನ್ನೊಂದು ಬೆಸೀರಿ" ಎಂದಾಗ ಎಲ್ಲಿ ಹಿಡಿಯಬೇಕೆಂದು ಗೊತ್ತಾಗದೆ ಬೆರಳು ಸುಟ್ಟುಕೊಂಡರು. ಸುತ್ತ ನಿಂತವರು ನಕ್ಕ ನಗು ಕೂಡ ಇವತ್ತಿನ ಹಾಗೆಯೇ, ಮೂಗಿನಲ್ಲಿ ಹುಟ್ಟಿದ್ದು. ಬೆರಳ ಗುಳ್ಳೆ ವಾರದಲ್ಲಿ ಆರಿತು. ನಗು ಆರಲಿಲ್ಲ.

"ಸಹಿ ಹಾಕಲ್ಲ," ಎಂದರು ಮೇಡಂ, ತಮಗೇ ಹೇಳಿಕೊಂಡ ಹಾಗೆ.

"ಹಾಕ್ಬೇಡ," ಎಂದರು ಅತ್ತೆ.

ಗಂಡ ಬಾಗಿಲಿಗೆ ಬಂದರು. "ಅಮ್ಮ, ನಿನಗೇನು ಗೊತ್ತಾಗತ್ತೆ ಅಂತ? ಅವರಿಗೆ ಇವಳ ಮೇಲೆ ಸಿಟ್ಟು ಬಂದ್ರೆ?"

"ಬಂದ್ರೆ ಬರ್ಲಿ ಬಿಡೋ. ಇವಳಿಗೆ ನನ್ನ ಮೇಲೆ ಮದುವೆ ಆದಾಗಿನಿಂದ ಸಿಟ್ಟಿದೆ. ನಾನೇನು ಸತ್ತುಹೋದ್ನಾ?"

ಮೇಡಂಗೆ ತಡೆಯಲಾಗದೆ ನಗು ಬಂತು. ಅತ್ತೆ ನಗಲಿಲ್ಲ. ಹುಳುಕು ಬಟಾಣಿಯೊಂದನ್ನು ಬೆರಳಲ್ಲಿ ಚಿಮ್ಮಿ ಅಂಗಳಕ್ಕೆ ಎಸೆದರು.

ಮರುದಿನ ಚೇಂಬರಿನಲ್ಲಿ ಪ್ರಿನ್ಸಿಪಾಲರು ಕೂಗಾಡಲಿಲ್ಲ. ಮೇಡಂಗೆ ಕುರ್ಚಿ ತೋರಿಸಿ, ನೀರಿನ ಲೋಟವನ್ನು ಮುಂದಕ್ಕೆ ಸರಿಸಿ, ಮೆತ್ತಗೆ ಮಾತಾಡಿದರು.

"ನೋಡಿ ಮೇಡಂ, ಪರಿಶೀಲನೆಗೆ ತಂಡ ಬರುತ್ತೆ. ಹೋದ ಸಲ ಬಂದೋರು ಒಂದು ವಿಭಾಗವನ್ನೇ ಮುಚ್ಚಿಸಿ ಹೋದ್ರು. ಆ ವಿಭಾಗದ ಮೇಷ್ಟ್ರುಗಳು ಮನೆಗೆ ಹೋಗೋದನ್ನ ನಿಂತು ನೋಡಿದೋನು ನಾನು. ಬರೋರು ನಿಮ್ಮ ಧೂಳು ನೋಡೋಕ್ಕೆ ಬರ್ತಾರೇನ್ರೀ? ಒಳಗೆ ಕಾಲಿಟ್ಟ ತಕ್ಷಣ ಭಲೇ ಅನ್ಬೇಕು. ನನಗೇನು ಆ ಗಾಜಿನ ಪೆಟ್ಟಿಗೆ ಮನೆಗೆ ತಗೊಂಡು ಹೋಗ್ಬೇಕಾ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮೇಡಂಗೂ ಅದು ಗೊತ್ತಿತ್ತು. ಗೊತ್ತಿದ್ದರಿಂದಲೇ ಇಲ್ಲವೆನ್ನುವುದು ಕಷ್ಟವಾಯಿತು.

"ಬಂದೋರು ಒಂದು ದಿನ ನೋಡಿ ಹೋಗ್ತಾರೆ ಸರ್. ಮಕ್ಕಳು ಮೂರು ವರ್ಷ ಇರ್ತಾರೆ."

"ಅಂದ್ರೆ ಸಹಿ ಹಾಕಲ್ಲ."

"ಬೂದುದಕ್ಕಾದ್ರೆ ಈಗಲೇ ಹಾಕ್ತೀನಿ."

ಮೆತ್ತಗಿನ ಮಾತು ಅಲ್ಲಿಗೆ ಮುಗಿಯಿತು. "ಲ್ಯಾಬಿನ ಜವಾಬ್ದಾರಿ ಇರೋರು ಸಹಿ ಹಾಕ್ಬೇಕು ಅಂತ ನಿಯಮ ಇದೆ ಅಂತ ತಾನೇ ಈ ಹಠ? ಜವಾಬ್ದಾರಿ ಬೇರೆಯವರಿಗೆ ಕೊಡ್ತೀನಿ. ಆಗ?"

ಮೇಡಂ ಚೀಲಕ್ಕೆ ಕೈ ಹಾಕಿ ಬೀಗದ ಕೈ ಗೊಂಚಲನ್ನು ತೆಗೆದು ಮೇಜಿನ ಮೇಲಿಟ್ಟರು. ಬೀರು, ಕಪಾಟು, ಲ್ಯಾಬಿನ ಬಾಗಿಲು, ಎಲ್ಲದರದ್ದೂ ಅದರಲ್ಲಿದ್ದವು.

"ಏನ್ರೀ ಇದು ನಾಟಕ?"

"ನಾಟಕ ಅಲ್ಲ ಸರ್, ಲ್ಯಾಬಿನ ಬೀಗದ ಕೈ. ಬಾಗಿಲಿನದು ಸ್ವಲ್ಪ ಬಿಗಿ. ಎತ್ತಿ ತಿರುಗಿಸ್ಬೇಕು."

ಹೊರಗೆ ಬಂದು, ಯಾರೂ ತಡೆದು ಕೇಳಬಾರದೆಂದು ಮೇಡಂ ಎಂದಿಗಿಂತ ಜೋರಾಗಿ ನಡೆದರು.

ಜವಾಬ್ದಾರಿ ಪಕ್ಕದ ವಿಭಾಗದ ಮೇಷ್ಟ್ರಿಗೆ ಹೋಯಿತು. ಅವರು ಯಾರು ಏನೇ ಹೇಳಿದರೂ "ಹೂಂ" ಎನ್ನುವವರಾದ್ದರಿಂದ ಹೂಂ ಮೇಷ್ಟ್ರೆಂದೇ ಹೆಸರು. ಆ ಸಂಜೆಯೇ ಅವರು ಬಸ್ ನಿಲ್ದಾಣದಲ್ಲಿ ಮೇಡಂ ಪಕ್ಕ ಬಂದು ನಿಂತರು.

"ನಾನು ಸಹಿ ಹಾಕಿದ್ರೆ ನೀವು ನನ್ನ ಜೊತೆ ಮಾತು ಬಿಡ್ತೀರಾ?"

"ಇಲ್ಲ ಸರ್. ಯಾಕೆ ಬಿಡಲಿ?"

"ಬಿಟ್ಟಿದ್ರೆ ಚೆನ್ನಾಗಿತ್ತು," ಎಂದು ಅವರು ನಿಟ್ಟುಸಿರುಬಿಟ್ಟರು. "ಮಾತಾಡಿಸ್ತೀರಿ ಅಂದ್ರೆ ಇನ್ನೂ ಕಷ್ಟ."

ಮರುದಿನ ಬೆಳಿಗ್ಗೆ ಹೂಂ ಮೇಷ್ಟ್ರಿಗೆ ಸೊಂಟ ಹಿಡಿದುಕೊಂಡಿತು. ಅದರ ಮರುದಿನವೂ ಬಿಡಲಿಲ್ಲ. ರಜೆ ಮುಂದುವರಿಯುತ್ತ ಹೋಯಿತು. ಬೀಗದ ಕೈ ಪ್ರಿನ್ಸಿಪಾಲರ ಡ್ರಾಯರಿನಲ್ಲಿ, ಲ್ಯಾಬಿಗೆ ಬೀಗ, ವೇಳಾಪಟ್ಟಿಯಲ್ಲಿ ಮಾತ್ರ ಲ್ಯಾಬಿನ ಪಾಠ ಹಾಗೆಯೇ ಇತ್ತು.

ಪಾಠದ ಹೊತ್ತಿಗೆ ಮೇಡಂ ವಿದ್ಯಾರ್ಥಿಗಳನ್ನು ಕರೆದುಕೊಂಡು ಪ್ರಿನ್ಸಿಪಾಲರ ಚೇಂಬರಿನ ಮುಂದಿನ ಕಾರಿಡಾರಿಗೆ ಬಂದರು. ಅಲ್ಲೇ ಅಗಲವಾದ ಜಾಗ ಇದ್ದದ್ದು. "ಕೂತ್ಕೊಳ್ಳಿ," ಎಂದರು. ಕೂತರು. ಒಂದೊಂದು ಚಾಕ್ ಕೊಟ್ಟು, ಬೋರ್ಡಿನ ನಕ್ಷೆಯನ್ನು ನೆಲದ ಮೇಲೇ ಬರೆಯಿರಿ ಎಂದರು. ಒಬ್ಬನ ಗೆರೆ ಇನ್ನೊಬ್ಬಳ ಗೆರೆಗೆ ತಾಗಬಾರದು, ತಾಗಿದರೆ ಶಾರ್ಟ್ ಸರ್ಕ್ಯೂಟ್, ಅಳಿಸಿ ಮತ್ತೆ. ಗೆರೆಗಳು ಹರಡುತ್ತ ಹರಡುತ್ತ ನೋಟಿಸ್ ಬೋರ್ಡು ದಾಟಿ, ನೀರಿನ ಫಿಲ್ಟರನ್ನು ಸುತ್ತಿ, ಚೇಂಬರಿನ ಹೊಸ್ತಿಲಿಗೆ ಬಂದು ತಾಗಿದವು.

ಸದ್ದು ಕೇಳಿ ಪ್ರಿನ್ಸಿಪಾಲರು ಬಾಗಿಲು ತೆರೆದರು. ಒಂದು ಕಾಲು ಹೊರಗಿಟ್ಟವರು ಹಾಗೆಯೇ ನಿಂತರು.

"ಏನು ನಡೀತಿದೆ ಇಲ್ಲಿ?"

"ಲ್ಯಾಬು ಸರ್," ಎಂದರು ಮೇಡಂ. "ಸ್ವಲ್ಪ ನೋಡ್ಕೊಂಡು ಬನ್ನಿ. ನಿಮ್ಮ ಶೂ ಇರೋ ಕಡೆ ಶಾರ್ಟ್ ಆಗುತ್ತೆ."

ಯಾರೋ ಕಿಸಕ್ಕೆಂದರು. ಪ್ರಿನ್ಸಿಪಾಲರು ಕಾಲನ್ನು ಒಳಗೆಳೆದುಕೊಂಡರು. ಮಧ್ಯಾಹ್ನ ಊಟಕ್ಕೆ ಹೋಗುವಾಗ ಆ ದೊಡ್ಡ ಮನುಷ್ಯ ಪಂಚೆಯನ್ನೋ ನೆರಿಗೆಯನ್ನೋ ಎತ್ತಿಕೊಂಡವರ ಹಾಗೆ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದು, ಗೆರೆಗಳ ನಡುವೆ ಜಾಗ ಹುಡುಕಿ ಹುಡುಕಿ ಹೆಜ್ಜೆಯಿಟ್ಟದ್ದನ್ನು ಇಡೀ ಕಾಲೇಜು ನೋಡಿತು. ಅಳಿಸಿಕೊಂಡು ನಡೆಯಬಹುದಿತ್ತು. ಅವರು ಅಳಿಸಲಿಲ್ಲ. ಅದನ್ನು ಮೇಡಂ ಗಮನಿಸಿದರು.

ಮತ್ತೂ ಕೆಲವು ದಿನ ಹೀಗೇ ನಡೆಯಿತು. ಮಂಜೂರಾದ ಹಣ ಕೈತಪ್ಪಿ ಹೋಗುವ ಗಡುವು ಹತ್ತಿರ ಬಂತು. ಹೂಂ ಮೇಷ್ಟ್ರ ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ. ಒಂದು ಬೆಳಿಗ್ಗೆ ಮೇಡಂ ಸ್ಟಾಫ್ ರೂಮಿಗೆ ಬಂದಾಗ ಅವರ ಮೇಜಿನ ಮೇಲೆ ಬೀಗದ ಕೈ ಗೊಂಚಲಿತ್ತು. ಹಿಂದೆಯೇ ಪ್ರಿನ್ಸಿಪಾಲರೂ ಬಂದರು.

"ನಿಮ್ಮದೇ ನಡೀಲಿ," ಎಂದರು. "ಆದ್ರೆ ಅದಕ್ಕೆ ಹಿಂದಿನ ಸ್ಟೋರ್ ರೂಮು. ಹೊಸ ಬಣ್ಣ, ಹೊಸ ದೀಪ ಏನೂ ಕೇಳ್ಬೇಡಿ. ತಂಡ ಬಂದಾಗ ಏನಾದ್ರೂ ಅಂದ್ರೆ ನೀವೇ ಎದುರು ನಿಂತು ಉತ್ತರ ಹೇಳ್ಬೇಕು. ನಾನು ಬಾಯಿ ಬಿಡಲ್ಲ."

"ಆಗಲಿ ಸರ್."

"ನಿಮ್ಮನ್ನ ಮನೇಲಿ ಹೇಗೆ ಸಹಿಸ್ಕೊಳ್ತಾರೋ!"

"ನಮ್ಮತ್ತೆನ ನೀವು ನೋಡಿಲ್ಲ ಸರ್," ಎಂದು ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಬಿಳಿ ಯಂತ್ರವನ್ನು ವಾಪಸ್ ಒಯ್ಯಲು ಕಂಪನಿಯಿಂದ ಬೇರೆ ಯಾರೋ ಬಂದರು. ಫ್ಯೂಸುವನ್ನು ಸುತ್ತಾಟದ ಕೆಲಸಕ್ಕೆ ಹಾಕಿದ್ದಾರೆಂದು ಅವರಿಂದಲೇ ಗೊತ್ತಾಯಿತು. ಮೇಡಂ ಅಂದು ಸಂಜೆ ಅವನಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೊಂದು ದಿನ ಮಾಡಿದಾಗ ರಿಂಗಾಗುತ್ತಿದ್ದಂತೆಯೇ ಕಟ್ ಆಯಿತು. ಅವನ ಮಗು ಗಂಡೋ ಹೆಣ್ಣೋ ತಿಳಿಯದೇ ಉಳಿಯಿತು. ಸಹಿ ಹಾಕಿದ್ದಕ್ಕೆ ಅವರು ಒಂದು ಗಳಿಗೆಯೂ ಮರುಗಲಿಲ್ಲ. ಅವನು ಫೋನ್ ಎತ್ತದ್ದಕ್ಕೆ ಮಾತ್ರ ಮರುಗಿದರು.

ಬೂದು ಯಂತ್ರ ಸ್ಟೋರ್ ರೂಮಿನಲ್ಲಿ ನೆಲೆಯಾಯಿತು. ಮುರಿದ ಕುರ್ಚಿಗಳನ್ನು ಹೊರಗೆ ಹಾಕಿ, ಕಿಟಕಿಯ ಹಳೆಯ ಹಲಗೆಯನ್ನು ಕಿತ್ತು, ಧೂಳು ಎಳೆಯುವ ಕೊಳವೆಯನ್ನು ವಿದ್ಯಾರ್ಥಿಗಳೇ ಕೂರಿಸಿದರು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಸರದಿಯಲ್ಲಿ ನಿಂತರು. ಮೊದಲ ತಿಂಗಳು ಬಿಟ್‌ಗಳು ಮುರಿದದ್ದೇ ಮುರಿದದ್ದು. ಆಮೇಲೆ ಕಡಿಮೆಯಾಯಿತು.

ಪರಿಶೀಲನೆಯ ದಿನ ಬೆಳಿಗ್ಗೆಯೇ ಜವಾನ ಬಂದು ಪ್ರಿನ್ಸಿಪಾಲರ ಸಂದೇಶ ಹೇಳಿದ: ತಂಡ ಹೋಗುವ ತನಕ ಸ್ಟೋರ್ ರೂಮಿಗೆ ಬೀಗ ಹಾಕಿರಬೇಕಂತೆ, ಆ ಗದ್ದಲ ಕಿವಿಗೆ ಬೀಳಬಾರದಂತೆ. ಮೇಡಂ "ಕೇಳಿಸ್ಕೊಂಡೆ ಅಂತ ಹೇಳಪ್ಪ," ಎಂದು ಅವನನ್ನು ಕಳಿಸಿದರು. ಪಾಠದ ಗಂಟೆ ಹೊಡೆಯಿತು. ಆ ದಿನದ ಸರದಿಯ ಹುಡುಗಿ ತಾಮ್ರದ ಹಲಗೆಯನ್ನು ಬಿಗಿದು, ಮೇಡಂ ಮುಖ ನೋಡಿದಳು.

"ಮೇಡಂ, ಮಾಡ್ಲಾ?"

"ಪಾಠ ಇದೆಯಲ್ಲ. ಮಾಡು."

ಯಂತ್ರ ಗರ್ರೆಂದಿತು. ಮೆಟ್ಟಿಲ ಕಡೆಯಿಂದ ಹಲವು ಜೊತೆ ಶೂಗಳ ಸದ್ದು, ಅದರ ನಡುವೆ ಪ್ರಿನ್ಸಿಪಾಲರ ವಿನಯದ ದನಿ ಕೇಳತೊಡಗಿತು. ಗಾಳಿಗೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತ ಬಂತು. ಮೇಡಂ ಎದ್ದು ಹೋಗಿ ಅದನ್ನು ಪೂರ್ತಿ ತೆರೆದು, ಗೋಡೆಗೆ ಒತ್ತಿ, ತಾವು ಕೂತಿದ್ದ ಸ್ಟೂಲನ್ನು ಅಡ್ಡ ಇಟ್ಟರು. ಕಿಟಕಿಯಿಂದ ಬಂದ ಬಿಸಿಲು ಹೊಸ್ತಿಲು ದಾಟಿ ಕಾರಿಡಾರಿಗೆ ಬಿತ್ತು. ಆ ಬೆಳಕಿನಲ್ಲಿ ತಾಮ್ರದ ಸಣ್ಣ ಧೂಳು ಮಿನುಗುತ್ತ ಹೊರಗೆ ತೇಲಿಹೋಗುತ್ತಿತ್ತು.